ಸಮುದಾಯ ಕಾಲೇಜು ಅಂದ್ರೆ ಯಾವ ಕಾಲೇಜು?



ಎಸ್‌ಎಸ್‌ಎಲ್‌ಸಿಯಲ್ಲಿ ಒಂದೆರಡು ವಿಷಯ ಹೋಯಿತು ಅಂದ್ರೆ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹುಡುಗ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಹುಡುಗಿ ಮದುವೆಗೆ. ಮತ್ತೆ ಓದುವ ಮಾತೇ ಮನೆಯಲ್ಲಿ ಏಳುವುದಿಲ್ಲ. ಇಂಥವರಿಗೂ ಬಾಗಿಲು ತೆರೆಯಬೇಕು ಎಂಬ ಯೋಚನೆಯಿಂದ ಬಂದದ್ದೇ ಸಮುದಾಯ ಕಾಲೇಜು.

ಇದರ ಮೂಲ ಅಮೆರಿಕದ್ದು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನ ಹೈಸ್ಕೂಲಿನಲ್ಲೇ, ದೂರದ ವಿಶ್ವವಿದ್ಯಾಲಯಕ್ಕೆ ಹೋಗಲಾಗದ ಆರು ವಿದ್ಯಾರ್ಥಿಗಳಿಗೆ ಮುಂದಿನ ಪಾಠ ಶುರು ಮಾಡಿದರು. ಬರೀ ಆರು ಜನ! ಅಲ್ಲಿ ಇಂದಿಗೂ ನಡೆಯುತ್ತಿರುವ ಸರ್ಕಾರಿ ಸಮುದಾಯ ಕಾಲೇಜುಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಊರಿಗೆ ಮರಳಿದಾಗ ಇಂಥ ಕಾಲೇಜುಗಳಿಗೆ ಬೇಡಿಕೆ ಹೆಚ್ಚಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ ತನ್ನ ವರದಿಯಲ್ಲಿ ಬಳಸಿದ ಮೇಲೆ ‘ಸಮುದಾಯ ಕಾಲೇಜು’ ಎಂಬ ಹೆಸರು ಎಲ್ಲ ಕಡೆ ಓಡಾಡಿತು.

ನಮ್ಮ ದೇಶಕ್ಕೆ ಇದು ಬಂದದ್ದು ತಡವಾಗಿ. 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ ಒಂದನ್ನು ತೆರೆಯಿತು. 1996ರಲ್ಲಿ ಮದ್ರಾಸ್-ಮೈಲಾಪುರ ಮಹಾಧರ್ಮಪ್ರಾಂತ್ಯ ಮದ್ರಾಸ್ ಸಮುದಾಯ ಕಾಲೇಜನ್ನು ಆರಂಭಿಸಿತು. ಈ ಕೆಲಸವನ್ನು ಊರೂರಿಗೆ ಹಬ್ಬಿಸಿದವರಲ್ಲಿ ಯೇಸುಸಭೆಯ ಫಾದರ್ ಕ್ಸೇವಿಯರ್ ಅಲ್ಫೋನ್ಸ್ ಪ್ರಮುಖರು. 2009ರಲ್ಲಿ ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯ ದೇಶದಾದ್ಯಂತ ಮಾನ್ಯತೆ ಕೊಡತೊಡಗಿತು. ಆದರೆ ಆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಆಮೇಲೆ 2013ರ ಹೊತ್ತಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಇರುವ ಕಾಲೇಜುಗಳ ಒಳಗೇ ಸಮುದಾಯ ಕಾಲೇಜು ನಡೆಸಲು ಹಣ ಕೊಡುವ ಯೋಜನೆ ತಂದಿತು.

ಹಾಗಾದರೆ ಐಟಿಐಗೂ ಇದಕ್ಕೂ ಏನು ವ್ಯತ್ಯಾಸ? ಐಟಿಐನಲ್ಲಿ ಟ್ರೇಡ್ ಮೊದಲೇ ಗೊತ್ತಾಗಿರುತ್ತದೆ, ಫಿಟ್ಟರ್, ಎಲೆಕ್ಟ್ರಿಷಿಯನ್ ಹೀಗೆ. ಸಮುದಾಯ ಕಾಲೇಜು ಮೊದಲು ಸುತ್ತಮುತ್ತ ಯಾವ ಕೆಲಸವಿದೆ ಎಂದು ನೋಡಿ, ಆಮೇಲೆ ಕೋರ್ಸ್ ಕಟ್ಟಬೇಕು. ಮದ್ರಾಸಿನ ಮಾದರಿಯಲ್ಲಿ ಮೊದಲ ಪಾಠ ಕಸುಬಿನದ್ದಲ್ಲ, ಬದುಕಿನ ಕೌಶಲದ್ದು. ನಾಲ್ಕು ಜನರ ಮುಂದೆ ಮಾತಾಡುವುದು, ಅರ್ಜಿ ಬರೆಯುವುದು, ತನ್ನ ಬಗ್ಗೆ ತಾನೇ ಕೀಳಾಗಿ ಯೋಚಿಸುವುದನ್ನು ಬಿಡುವುದು. ಫೇಲಾದ ಮಗುವಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಇದೇ ಅಂತ ನಮ್ಮ ಅನಿಸಿಕೆ. ನಂತರ ಕಸುಬು, ಅದಾದ ಮೇಲೆ ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ನಿಜವಾದ ಕೆಲಸದ ತರಬೇತಿ, ಕೊನೆಗೆ ಉದ್ಯೋಗಕ್ಕೆ ತಯಾರಿ. ವಯಸ್ಸಿನ ಮಿತಿ ಇಲ್ಲ, ಮಾರ್ಕ್ಸ್ ಕೇಳುವುದಿಲ್ಲ. ಯುಜಿಸಿ ಯೋಜನೆ ಇದಕ್ಕಿಂತ ಸ್ವಲ್ಪ ಬಿಗಿ. ಅಲ್ಲಿ ಸರ್ಟಿಫಿಕೇಟು, ಡಿಪ್ಲೊಮಾ, ಕ್ರೆಡಿಟ್ಟು ಎಲ್ಲ ಉಂಟು.

ಈಗ ನಮ್ಮ ಕಾವಲಿನ ಮಾತಿಗೆ ಬರೋಣ. ವರವು ಕಾವಲು ಮೈಸೂರು ಅರಸರ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು. ಕುರಿ, ದನ, ದೇವರ ಎತ್ತು ಮೇಯಿಸಿಕೊಂಡು ಸುತ್ತಲ ಹಳ್ಳಿಗಳು ಬದುಕಿದ್ದು ಇಂಥ ಕಾವಲುಗಳ ಮೇಲೆ. ವರವು ಕಾವಲಿನಲ್ಲಿ 4,290 ಎಕರೆ ರಕ್ಷಣಾ ಸಂಶೋಧನಾ ಸಂಸ್ಥೆಗೆ ಹೋಯಿತು. ಅಲ್ಲಿನ ವಿಮಾನ ಪರೀಕ್ಷಾ ಕೇಂದ್ರ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಪಕ್ಕದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಮೇವಿನ ಹಕ್ಕು ಕೇಳಿ ಜನ ಹಸಿರು ನ್ಯಾಯಮಂಡಳಿಯವರೆಗೂ ಹೋದರು.

ನಮ್ಮ ಕಡೆಯ ಉನ್ನತ ಕಲಿಕೆಯ ದೊಡ್ಡ ಹೆಸರು ಈಗ ಆ ಕುದಾಪುರದ ಆವರಣವೇ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ಹೈಸ್ಕೂಲು, ಪಿಯು ವಿಜ್ಞಾನ ಶಿಕ್ಷಕರು ಬಂದು ಉಳಿದುಕೊಂಡು, ಪ್ರಯೋಗಗಳನ್ನು ಕೈಯಾರೆ ಮಾಡಿ ಕಲಿತು ಹೋಗುತ್ತಾರೆ. ಪುಸ್ತಕದಲ್ಲಿ ಮಾತ್ರ ಪ್ರಯೋಗ ನೋಡಿದ್ದ ಮೇಷ್ಟ್ರಿಗೆ ಇದು ದೊಡ್ಡ ಉಪಕಾರ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ಸಮುದಾಯ ಕಾಲೇಜು ಅಲ್ಲ. ಶಾಲೆ ಬಿಟ್ಟ ಕುರಿಗಾಹಿಯ ಮಗನಿಗೆ ಅದರ ಫಲ ಸಿಗಬೇಕಾದರೆ ಮೊದಲು ಮೇಷ್ಟ್ರಿಗೆ ಸಿಕ್ಕು, ಮೇಷ್ಟ್ರಿಂದ ತರಗತಿಗೆ ಬಂದು, ಆ ಹುಡುಗ ಆ ತರಗತಿಯಲ್ಲಿ ಇನ್ನೂ ಕೂತಿರಬೇಕು!

ಸಮುದಾಯ ಕಾಲೇಜಿನ ಲೆಕ್ಕದಲ್ಲಿ ನೋಡಿದರೆ ಇಲ್ಲಿ ಕಲಿಸುವ ವಿಷಯಕ್ಕೆ ಕೊರತೆಯೇ ಇಲ್ಲ. ಚಳ್ಳಕೆರೆಯ ಕಂಬಳಿ, ಎಣ್ಣೆ ಗಿರಣಿ, ಶೇಂಗಾ, ಮೊಳಕಾಲ್ಮೂರಿನ ರೇಷ್ಮೆ ಸೀರೆ, ಕುರಿಗಳ ಆರೋಗ್ಯ. ಮಗ್ಗದ ಮುಂದೆ ಹುಟ್ಟಿ ಬೆಳೆದವಳಿಗೆ ನೇಯ್ಗೆ ಕಲಿಸಬೇಕಾಗಿಲ್ಲ. ಬೆಲೆ ಕಟ್ಟುವುದು, ಲೆಕ್ಕ ಬರೆಯುವುದು, ದಲ್ಲಾಳಿ ಇಲ್ಲದೆ ಮಾರುವುದು ಕಲಿಸಿದರೆ ಸಾಕು.

ಹಣ ಕಟ್ಟುವ ಮುಂಚೆ ಸಂಘದ ಸದಸ್ಯರು ಒಂದಿಷ್ಟು ವಿಚಾರಿಸಿ. ಹೆಸರಿನಲ್ಲಿ ‘ಸಮುದಾಯ ಕಾಲೇಜು’ ಅಂತ ಇದ್ದ ಮಾತ್ರಕ್ಕೆ ಸರ್ಟಿಫಿಕೇಟಿಗೆ ಬೆಲೆ ಬರುವುದಿಲ್ಲ. ಯಾವ ವಿಶ್ವವಿದ್ಯಾಲಯ ಅಥವಾ ಮಂಡಳಿ ಅದನ್ನು ಕೊಡುತ್ತದೆ, ಈ ವರ್ಷಕ್ಕೂ ಅನುಮತಿ ಇದೆಯೇ ಎಂದು ಕಾಗದದಲ್ಲೇ ತೋರಿಸಲು ಹೇಳಿ. ತರಬೇತಿಗೆ ಯಾವ ಆಸ್ಪತ್ರೆ, ಯಾವ ಕಾರ್ಖಾನೆ ಒಪ್ಪಿದೆ ಎಂಬುದನ್ನೂ ಕೇಳಿ. 2021ರಿಂದ ಕ್ರೆಡಿಟ್ ಬ್ಯಾಂಕ್ ಎಂಬ ವ್ಯವಸ್ಥೆ ಬಂದಿದೆ. ಅದಕ್ಕೆ ಸೇರಿದ ಸಂಸ್ಥೆಯಾದರೆ, ಮಗಳು ಮಧ್ಯದಲ್ಲಿ ಬಿಟ್ಟರೂ ಆಕೆ ಪಡೆದ ಕ್ರೆಡಿಟ್ ಖಾತೆಯಲ್ಲಿ ಉಳಿಯುತ್ತದೆ, ಮುಂದೆ ಬೇರೆ ಕಡೆ ಸೇರುವಾಗ ನಿಯಮದ ಪ್ರಕಾರ ಲೆಕ್ಕಕ್ಕೆ ಬರುತ್ತದೆ. ಆ ಖಾತೆ ತೆರೆದುಕೊಡುತ್ತೀರಾ ಎಂದು ಸೇರುವ ದಿನವೇ ಕೇಳಿಬಿಡಿ.