ಮುಚ್ಚಿಡುವುದೂ ಬೇಡ, ತೆಗೆಸಿಬಿಡುವ ಅವಸರವೂ ಬೇಡ

ಬೆಳಿಗ್ಗೆ ಏಳುವಾಗ ಏನೂ ಅನ್ನಿಸುವುದಿಲ್ಲ. ಮಧ್ಯಾಹ್ನಕ್ಕೆ ಸೊಂಟ ಹಿಡಿಯುತ್ತದೆ, ಸಂಜೆಗೆ ಕೆಳಗೆ ಏನೋ ಜಗ್ಗಿದ ಹಾಗಾಗುತ್ತದೆ, ಸ್ನಾನಕ್ಕೆ ಕೂತಾಗ ಮೆತ್ತಗಿನ ಗಡ್ಡೆಯಂಥದ್ದು ಕೈಗೆ ತಾಕುತ್ತದೆ. ಪುಣೆಯ ಹಿಂಜೆವಾಡಿ, ವಾಘೋಲಿ ಕಡೆ ಏಳುತ್ತಿರುವ ಕಟ್ಟಡಗಳಲ್ಲಿ ಸಿಮೆಂಟು ಹೊರುವ ಕಲಬುರಗಿ, ಯಾದಗಿರಿಯ ಹೆಣ್ಣುಮಕ್ಕಳಿಗೂ ಇದು ಬರುತ್ತದೆ. ಮಗನ ಮನೆಗೆಂದು ಧಾರವಾಡದಿಂದ ಕೋಥ್‌ರೂಡಿಗೆ ಬಂದು ಮೊಮ್ಮಗುವನ್ನು ಎತ್ತಿ ಆಡಿಸುವ ಅಜ್ಜಿಗೂ ಬರುತ್ತದೆ. ಗರ್ಭಕೋಶ ಜಾರಿದೆ ಎಂಬುದನ್ನು ಗಂಡನಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಂಡಿರುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ.

ಹೊಟ್ಟೆಯ ತಳದಲ್ಲಿ ಸ್ನಾಯುಗಳು ಜೋಲಿಯ ಹಾಗೆ ಹರಡಿಕೊಂಡು ಗರ್ಭಕೋಶ, ಮೂತ್ರಕೋಶ, ಗುದನಾಳಗಳನ್ನು ಹೊತ್ತಿರುತ್ತವೆ. ಹೆರಿಗೆಯಲ್ಲಿ ಆ ಜೋಲಿ ಹಿಗ್ಗುತ್ತದೆ. ಬಾಣಂತನ ಮುಗಿಯುವ ಮೊದಲೇ ಹೊತ್ತ ಭಾರ, ವರ್ಷಗಳ ಕೆಮ್ಮು, ಮಲಬದ್ಧತೆಯಲ್ಲಿ ಮುಕ್ಕುವುದು, ಮುಟ್ಟು ನಿಂತ ಮೇಲೆ ಕಡಿಮೆಯಾಗುವ ಈಸ್ಟ್ರೋಜನ್ ಎಲ್ಲ ಸೇರಿ ಅದನ್ನು ಇನ್ನಷ್ಟು ಸಡಿಲಗೊಳಿಸುತ್ತವೆ. ಇದು ಕ್ಯಾನ್ಸರ್ ಅಲ್ಲ. ಹೆಚ್ಚಿನವರಲ್ಲಿ ಜೀವಕ್ಕೆ ಅಪಾಯವೂ ಇಲ್ಲ. ಈ ಎರಡು ಮಾತನ್ನು ಮೊದಲೇ ಯಾರಾದರೂ ಹೇಳಿದರೆ ಅರ್ಧ ಹೆದರಿಕೆ ಇಳಿಯುತ್ತದೆ.

ಹೇಳುವವರಿಲ್ಲದ ಕಡೆ ಆ ಹೆದರಿಕೆಯೇ ವ್ಯಾಪಾರವಾಗುತ್ತದೆ. ಮಹಾರಾಷ್ಟ್ರ ಸರ್ಕಾರ 2019ರಲ್ಲಿ ನೀಲಂ ಗೋರ್ಹೆ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯ ಮುಂದೆ ಬೀಡ್ ಜಿಲ್ಲೆಯ ಕಬ್ಬು ಕಡಿಯುವ 82,309 ಹೆಂಗಸರ ಲೆಕ್ಕ ಬಂತು. ಅವರಲ್ಲಿ 13,861 ಮಂದಿಯ ಗರ್ಭಕೋಶ ತೆಗೆಯಲಾಗಿತ್ತು. ಕಲಬುರಗಿಯ ಲಂಬಾಣಿ ತಾಂಡಾಗಳ ಹೆಂಗಸರು ಇದೇ ಅನ್ಯಾಯದ ವಿರುದ್ಧ 2017ರಲ್ಲಿ ಬೀದಿಗಿಳಿದಿದ್ದರು. ಬಿಳಿಮುಟ್ಟಿಗೆ, ಸೊಂಟನೋವಿಗೆಲ್ಲ ಗರ್ಭಕೋಶ ತೆಗೆಸುವುದೇ ಮದ್ದು ಎಂದು ನಂಬಿಸುವುದು ಕ್ರೌರ್ಯ. ಜಾರಿಕೆಗೆ ಅದು ಶಾಶ್ವತ ಪರಿಹಾರವೂ ಅಲ್ಲ. ಗರ್ಭಕೋಶ ತೆಗೆದ ಮೇಲೆ ಯೋನಿಯ ಮೇಲ್ತುದಿಯೇ ಕೆಳಗಿಳಿಯುವುದುಂಟು.

ಮುಚ್ಚಿಡುವುದಕ್ಕೂ ತೆಗೆಸುವುದಕ್ಕೂ ನಡುವೆ ಇನ್ನೊಂದು ದಾರಿ ಇದೆ. ಅದರಲ್ಲಿ ಮೊದಲು ತಿಳಿಯಬೇಕಾದದ್ದು ರಿಂಗ್, ವೈದ್ಯರ ಮಾತಿನಲ್ಲಿ ಪೆಸರಿ. ಸಿಲಿಕೋನಿನ ಮೆತ್ತನೆಯ ಬಳೆ. ಸಾಮಾನ್ಯವಾಗಿ 6ರಿಂದ 8 ಸೆಂಟಿಮೀಟರ್ ಅಗಲ. ಬೆರಳಿನಲ್ಲಿ ಒತ್ತಿದರೆ ಅರ್ಧಚಂದ್ರದಂತೆ ಮಡಿಚಿಕೊಳ್ಳುತ್ತದೆ, ಒಳಗೆ ಹೋದ ಮೇಲೆ ಬಿಚ್ಚಿಕೊಂಡು ಜಾರಿದ್ದನ್ನು ಎತ್ತಿ ಹಿಡಿಯುತ್ತದೆ. ಚಪ್ಪಲಿಯ ಹಾಗೆ ಇದಕ್ಕೂ ಅಳತೆ ಇದೆ; ವೈದ್ಯರು ಒಂದನ್ನು ಇಟ್ಟು, ನಡೆಸಿ, ಕೆಮ್ಮಿಸಿ, ಮೂತ್ರಕ್ಕೆ ಕಳಿಸಿ ನೋಡುತ್ತಾರೆ. ಸರಿಯಾದ ಅಳತೆ ಕೂತರೆ ಅದು ಒಳಗಿರುವುದೇ ಗೊತ್ತಾಗಬಾರದು. ಒಂದು ಅಳತೆ ಸರಿಹೋಗಲಿಲ್ಲವೆಂದು ಬೇಸರಪಡಬಾರದು, ಎರಡನೆಯದೋ ಮೂರನೆಯದೋ ಕೂರಬಹುದು. ಕಲಿತವರು ತಾವೇ ತೆಗೆದು ಸಾದಾ ಸೋಪು, ನೀರಿನಲ್ಲಿ ತೊಳೆದು ಮತ್ತೆ ಇಟ್ಟುಕೊಳ್ಳುತ್ತಾರೆ. ಕಲಿಯಲಾಗದವರು ಕೆಲವು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಬದಲಿಸಿಕೊಂಡರಾಯಿತು. ಇಟ್ಟುಕೊಂಡು ಮರೆಯುವುದು ಮಾತ್ರ ಕೂಡದು. ವಾಸನೆ ಬಂದರೆ, ರಕ್ತ ಕಂಡರೆ, ಮೂತ್ರ ಕಟ್ಟಿದರೆ ಅಂದೇ ಹೋಗಬೇಕು. ಪುಣೆ ರೈಲ್ವೆ ಸ್ಟೇಷನ್ನಿನ ಹತ್ತಿರದ ಸಸೂನ್‌ನಂಥ ಸರ್ಕಾರಿ ಆಸ್ಪತ್ರೆಯ ಹೆಂಗಸರ ಓಪಿಡಿಯಲ್ಲಿ ಕೂತಾಗ, ಡಾಕ್ಟರು ತಾವಾಗಿ ಎತ್ತದಿದ್ದರೂ ಸರಿ, 'ನನಗೆ ರಿಂಗ್ ಆಗುತ್ತದಾ?' ಎಂದು ನಾವೇ ಕೇಳಬೇಕು.

ಇನ್ನು ಮನೆಯಲ್ಲಿ. ಕಮೋಡ್ ಇದ್ದರೆ ಕಾಲಡಿಗೆ ಒಂದು ಮಣೆ ಹಾಕಿಕೊಂಡು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಮುಂದಕ್ಕೆ ಬಾಗಿ ಕೂತರೆ ಮುಕ್ಕುವುದು ತಪ್ಪುತ್ತದೆ. ಜೋಳದ ರೊಟ್ಟಿ, ಸೊಪ್ಪು, ಸಾಕಷ್ಟು ನೀರು, ಬೇಕಾದರೆ ರಾತ್ರಿ ಇಸಬಗೋಲ್. ಮಲ ಹೊರಬರದೆ ನಿಂತಾಗ ಯೋನಿ ಮತ್ತು ಗುದದ ನಡುವಿನ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿಕೊಳ್ಳುವವರಿದ್ದಾರೆ. ಅದನ್ನು ಪಾಪ ಮಾಡಿದಂತೆ ಮುಚ್ಚಿಡುತ್ತಾರೆ; ವೈದ್ಯರು ಒಪ್ಪುವ ಉಪಾಯ ಅದು. ಮೂತ್ರ ಪೂರ್ತಿ ಹೋಗಿಲ್ಲವೆನಿಸಿದರೆ ಎದ್ದು ನಿಂತು ಮತ್ತೆ ಕೂರಬೇಕು. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ ತೂಗುತ್ತದೆ, ಅದನ್ನು ಮುಟ್ಟಲೇಬಾರದು. ನೀರನ್ನು ಕೊಡದಲ್ಲಿ ಹೊರುವ ಬದಲು ಚರಿಗೆಯಲ್ಲಿ ತಂದರೂ ಮನೆ ನಡೆಯುತ್ತದೆ. ಎತ್ತಲೇಬೇಕಾದಾಗ ಉಸಿರು ಕಟ್ಟದೆ, ಬಿಡುತ್ತಾ ಎತ್ತಬೇಕು. ಕಟ್ಟಡದ ಕೆಲಸದವಳಿಗೆ ಈ ಮಾತು ಹೇಳಿದರೆ ಕೂಲಿ ಹೋಗುತ್ತದೆ ಎಂಬುದು ನನಗೆ ಗೊತ್ತು. ಬುಟ್ಟಿ ಅರ್ಧ ತುಂಬಿಸಲು ಮೇಸ್ತ್ರಿಗೆ ಹೇಳುವ ಧೈರ್ಯ ಅವಳೊಬ್ಬಳ ಹೊಣೆಯಾಗಬಾರದು.

ಆ ಸ್ನಾಯುಗಳ ಜೋಲಿಯನ್ನು ಬಿಗಿಗೊಳಿಸುವ ವ್ಯಾಯಾಮ ಸುಲಭ: ಮೂತ್ರ ಮತ್ತು ಗಾಳಿ ಎರಡನ್ನೂ ಒಟ್ಟಿಗೆ ತಡೆಯುವಂತೆ ಒಳಗೆ ಎಳೆದು ಹಿಡಿದು ಬಿಡುವುದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ 447 ಹೆಂಗಸರ ಮೇಲೆ ನಡೆದ ಪರೀಕ್ಷೆಯಲ್ಲಿ, ಫಿಸಿಯೋಥೆರಪಿಸ್ಟ್ ಒಬ್ಬೊಬ್ಬರಿಗೂ ಕೂತು ಕಲಿಸಿದಾಗ ವರ್ಷದೊಳಗೆ ತೊಂದರೆ ಕಡಿಮೆಯಾದದ್ದು ಕಂಡಿತು. ಫಲ ಕಾಣಲು ಮೂರು ನಾಲ್ಕು ತಿಂಗಳಾದರೂ ಬೇಕು. ಕೆಮ್ಮು, ಸೀನು ಬರುವ ಮುನ್ನ ಒಮ್ಮೆ ಬಿಗಿಹಿಡಿಯುವ ಅಭ್ಯಾಸ ಮಾತ್ರ ಇವತ್ತಿನಿಂದಲೇ ಆಗಬಹುದು.

ಸಂಜೆಯ ಭಾರಕ್ಕೆ ಪುಣೆಯಲ್ಲೇ ಒಂದು ದೊಡ್ಡ ಪಾಠಶಾಲೆ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಯೋಗ ಕಲಿಸಲು ಇಲ್ಲಿಗೆ ಬಂದು ಇಲ್ಲೇ ನೆಲೆಸಿದರು. ಪತ್ನಿಯ ಹೆಸರಿನ ರಮಾಮಣಿ ಸಂಸ್ಥೆ 1975ರಲ್ಲಿ ಶಿವಾಜಿನಗರದಲ್ಲಿ ತೆರೆಯಿತು. ಬಗ್ಗದ ಮೈಗೆ ದಿಂಬು, ಹಗ್ಗ, ಕುರ್ಚಿ, ಮರದ ಇಟ್ಟಿಗೆಗಳ ಆಸರೆ ಕೊಡಬಹುದೆಂದು ತೋರಿಸಿದವರು ಅಯ್ಯಂಗಾರ್. ಮಗಳು ಗೀತಾ ಹೆಂಗಸರ ಅಭ್ಯಾಸಕ್ಕೆಂದೇ ಪುಸ್ತಕ ಬರೆದರು. ಸೊಂಟದಡಿ ಗಟ್ಟಿ ದಿಂಬಿಟ್ಟು, ಕಾಲನ್ನು ಗೋಡೆಗೋ ಕುರ್ಚಿಗೋ ಒರಗಿಸಿ ಹತ್ತು ನಿಮಿಷ ಮಲಗಿದರೆ ಜಗ್ಗಿದ ಭಾಗಕ್ಕೆ ಬಿಡುವು ಸಿಗುತ್ತದೆ. ಜಾರಿದ್ದು ಇದರಿಂದ ಶಾಶ್ವತವಾಗಿ ಮೇಲೇರದು, ಆದರೆ ರಾತ್ರಿ ಅಡುಗೆಗೆ ನಿಲ್ಲುವ ತ್ರಾಣ ಬರುತ್ತದೆ. ಶೀರ್ಷಾಸನದಂಥವನ್ನು ಗುರುವಿಲ್ಲದೆ ಮಾಡಹೋಗಬೇಡಿ.

ಇಷ್ಟಾದರೂ ತೀರದಿದ್ದರೆ ಆಪರೇಷನ್ ಇದ್ದೇ ಇದೆ, ಅದಕ್ಕೆ ಹೆದರಬೇಕಾಗಿಲ್ಲ. ಹುಬ್ಬಳ್ಳಿಯಲ್ಲಿ ಶಾಲೆ ಕಲಿತು ಮುಂಬೈಯಲ್ಲಿ ಹೆಸರಾದ ಡಾ. ವಿ.ಎನ್. ಶಿರೋಡ್ಕರ್, ಗರ್ಭಕೋಶವನ್ನು ತೆಗೆಯದೆ ಪಟ್ಟಿಯಿಂದ ಎತ್ತಿ ಕಟ್ಟುವ ಶಸ್ತ್ರಕ್ರಿಯೆಯನ್ನೇ ರೂಪಿಸಿದ್ದರು. 'ಉಳಿಸಿಕೊಂಡು ಸರಿಮಾಡಲು ಬರುತ್ತದೆಯೇ' ಎಂದು ಕೇಳುವ ಹಕ್ಕು ಪ್ರತಿ ಹೆಂಗಸಿಗೂ ಇದೆ. ಆಪರೇಷನ್ ಆದ ಮೇಲೂ ಸಾಮಾನ್ಯವಾಗಿ ಆರು ವಾರ ಭಾರ ಎತ್ತುವಂತಿಲ್ಲ. ಆ ಆರು ವಾರ ನೀರು ತರುವವರು ಯಾರು, ಸಿಲಿಂಡರ್ ಸರಿಸುವವರು ಯಾರು, ಮಗುವನ್ನು ಎತ್ತುವವರು ಯಾರು ಎಂಬುದನ್ನು ತಾರೀಖು ಗೊತ್ತುಮಾಡುವ ಮೊದಲೇ ಮನೆಯ ಗಂಡಸರು ಕೂತು ಮಾತಾಡಿಕೊಳ್ಳಲಿ.