ಹತ್ತಿ ತುಂಬಿದ ಮಾತು, ಗೇಜ್ ಇಲ್ಲದ ಭರವಸೆ: ಅಬ್ಬರದ ಇಂಗ್ಲಿಷ್ ಪದಗಳನ್ನು ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿ ನಿಂತು ಓದೋದು ಹೇಗೆ?

ಸಿಂಧನೂರಿನ ಗಾಂಧಿ ವೃತ್ತ, ಲಿಂಗಸುಗೂರಿನ ಬಸ್ ನಿಲ್ದಾಣ, ಮಸ್ಕಿಯ ಹೆದ್ದಾರಿ ಬದಿ. ಎಲ್ಲೇ ನಿಂತು ತಲೆ ಎತ್ತಿದರೂ ಫ್ಲೆಕ್ಸ್‌ಗಳ ಮೇಲೆ ಓದಲು ಸಿಗುವ ಪದಗಳು ಹೆಚ್ಚುಕಡಿಮೆ ಒಂದೇ. ಮೆಗಾ, ಹೈಟೆಕ್, ಸ್ಮಾರ್ಟ್, ವರ್ಲ್ಡ್ ಕ್ಲಾಸ್, ಗೇಮ್ ಚೇಂಜರ್. ಕನ್ನಡದ್ದೇ ಬೇಕು ಅಂದರೆ ವಿಶ್ವದರ್ಜೆ, ಅಭೂತಪೂರ್ವ, ಮೈಲಿಗಲ್ಲು. ಇವುಗಳಲ್ಲೂ ಕೆಲವು ಇಂಗ್ಲಿಷಿನಿಂದಲೇ ಇಳಿದು ಬಂದು ಪಂಚೆ ಉಟ್ಟುಕೊಂಡ ಪದಗಳು. ಇವುಗಳನ್ನು ಓದಿ ನಗೋದು ಸುಲಭ. ಆದರೆ ಇಂಥ ಮಾತಿಗೆ ಇಂಗ್ಲಿಷಿನಲ್ಲಿ ಎಷ್ಟು ಹೆಸರುಗಳಿವೆ, ಅವು ಎಲ್ಲಿಂದ ಬಂದವು ಅಂತ ನೋಡಿದರೆ ನಮ್ಮೂರಿನ ರಾಜಕೀಯವೂ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ.

ಬಾಂಬ್ ಅಲ್ಲ, ಅರಳೆ

ದೊಡ್ಡ ದೊಡ್ಡ ಪದ ಹಾಕಿ, ಒಳಗೆ ಏನೂ ಇಲ್ಲದ ಭಾಷಣ ಮಾಡಿದರೆ ಇಂಗ್ಲಿಷಿನಲ್ಲಿ ಅದಕ್ಕೆ ಬಾಂಬಾಸ್ಟ್ ಅಂತಾರೆ. ಕೇಳಿದ ಕೂಡಲೇ ಬಾಂಬ್ ನೆನಪಾಗುತ್ತದೆ. ಸಂಬಂಧವಿಲ್ಲ. ಬಾಂಬಾಸ್ಟ್ ಅಂದರೆ ಮೂಲದಲ್ಲಿ ಹತ್ತಿ. ಹದಿನಾರನೇ ಶತಮಾನದ ಇಂಗ್ಲೆಂಡಿನಲ್ಲಿ ಶ್ರೀಮಂತರು ಎದೆ, ತೋಳು, ತೊಡೆ ದಪ್ಪ ಕಾಣಲಿ ಅಂತ ಬಟ್ಟೆಯ ಒಳಗೆ ಅರಳೆ ತುಂಬಿಸಿಕೊಳ್ಳುತ್ತಿದ್ದರು. ಆ ತುಂಬುವ ಹತ್ತಿಯ ಹೆಸರೇ ಮುಂದೆ ಉಬ್ಬಿದ ಮಾತಿಗೂ ಬಂತು. ಫಸ್ಟಿಯನ್ ಅನ್ನೋ ಇನ್ನೊಂದು ಪದಕ್ಕೂ ಇದೇ ಎರಡು ಅರ್ಥ: ಒಂದು ಬಗೆಯ ದಪ್ಪ ಬಟ್ಟೆ, ಮತ್ತು ಪೊಳ್ಳು ಆಡಂಬರದ ಮಾತು. ಅತಿಯಾದ ಅಲಂಕಾರದ ಬರವಣಿಗೆಗೆ ಪರ್ಪಲ್ ಪ್ರೋಸ್ ಅನ್ನೋದು ಕೂಡ ಬಟ್ಟೆಯಿಂದಲೇ ಬಂದದ್ದು. ರೋಮಿನ ಕವಿ ಹೊರೇಸ್, ಸಂದರ್ಭ ಇಲ್ಲದೆ ತುರುಕಿದ ವರ್ಣನೆಯನ್ನು ಬಟ್ಟೆಗೆ ಹಾಕಿದ ನೇರಳೆ ತೇಪೆಗೆ ಹೋಲಿಸಿದ್ದ.

ಎರೆ ನೆಲದಲ್ಲಿ ಹತ್ತಿ ಬೆಳೆದು, ಬಿಡಿಸಿ, ಅಂಡಿಗೆ ಕಟ್ಟಿ ಮಾರುಕಟ್ಟೆಗೆ ಒಯ್ಯುವ ಜಿಲ್ಲೆಯ ಜನರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಡಿಗೆ ನೋಡಲು ಆಳೆತ್ತರ ಇರುತ್ತದೆ. ಆದರೆ ದರ ನಿಗದಿಯಾಗೋದು ಗಾತ್ರದ ಮೇಲಲ್ಲ, ತೂಕದ ಮೇಲೆ.

ಉಳಿದ ಪದಗಳೂ ಹೀಗೇ. ಎಕ್ಸಾಜರೇಟ್ ಅನ್ನೋದರ ಲ್ಯಾಟಿನ್ ಮೂಲಕ್ಕೆ ರಾಶಿ ಹಾಕು, ಗುಡ್ಡೆ ಮಾಡು ಅಂತ ಅರ್ಥ. ನಾವು ಕಡ್ಡಿಯನ್ನ ಗುಡ್ಡ ಮಾಡಬೇಡ ಅನ್ನುವಾಗ ಹೇಳೋದು ಅದನ್ನೇ. ಇನ್‌ಫ್ಲೇಟ್ ಅಂದರೆ ಗಾಳಿ ಊದು. ಹೈಪರ್ಬೋಲಿ ಅನ್ನೋದು ಗ್ರೀಕ್ ಪದ, ಗುರಿಯನ್ನು ದಾಟಿ ಆಚೆ ಎಸೆಯೋದು ಅಂತ. ಪಾಂಪಸ್ ಅನ್ನೋದರ ಹಿಂದೆ ಇರೋದು ಮೆರವಣಿಗೆ ಅನ್ನುವ ಅರ್ಥದ ಗ್ರೀಕ್ ಪದ. ಹೈಪ್ ಮಾತ್ರ ಇತ್ತೀಚಿನದು, ಇಪ್ಪತ್ತನೇ ಶತಮಾನದ ಅಮೆರಿಕದ ಆಡುಮಾತಿನಿಂದ ಬಂದದ್ದು.

ಎಲ್ಲ ಉತ್ಪ್ರೇಕ್ಷೆಯೂ ಸುಳ್ಳಲ್ಲ

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಅವ್ವ ಮಗನಿಗೆ ಸಾವಿರ ಸಲ ಹೇಳೀನಿ ಅಂದರೆ ಯಾರೂ ಲೆಕ್ಕ ಕೇಳೋದಿಲ್ಲ. ಹೇಳುವವರಿಗೂ ಕೇಳುವವರಿಗೂ ಅದು ಅತಿಶಯೋಕ್ತಿ ಅಂತ ಗೊತ್ತಿರುತ್ತದೆ. ಹೈಪರ್ಬೋಲಿ ಅಂದರೆ ಇದೇ. ನಮ್ಮ ಕಾವ್ಯ ಇದನ್ನು ಅಲಂಕಾರ ಅಂತಲೇ ಒಪ್ಪಿಕೊಂಡಿದೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಅಲಂಕಾರಗಳ ಚರ್ಚೆಗೇ ದೊಡ್ಡ ಪಾಲು ಕೊಟ್ಟಿದೆ. ಅಂದಹಾಗೆ, ಕಾವ್ಯಶಾಸ್ತ್ರದಲ್ಲಿ ಉತ್ಪ್ರೇಕ್ಷೆ ಅಂದರೆ ಒಂದನ್ನು ಇನ್ನೊಂದೋ ಎಂಬಂತೆ ಕಲ್ಪಿಸೋದು. ಪತ್ರಿಕೆಯ ಕನ್ನಡದಲ್ಲಿ ಮಾತ್ರ ಅದು ಇದ್ದದ್ದಕ್ಕಿಂತ ಹೆಚ್ಚು ಮಾಡಿ ಹೇಳೋದು ಅಂತಾಗಿದೆ.

ಬಡಾಯಿ ಇನ್ನೊಂದು ಬಗೆ. ತನ್ನ ಬಗ್ಗೆ ತಾನೇ ಕೊಚ್ಚಿಕೊಳ್ಳೋದು. ಇದಕ್ಕೆ ನಮ್ಮಲ್ಲಿ ಉತ್ತರಕುಮಾರನ ಪೌರುಷ ಒಲೆಯ ಮುಂದೆ ಅನ್ನುವ ಗಾದೆಯೇ ಇದೆ. ಇದೂ ಅಷ್ಟೇನು ಅಪಾಯವಲ್ಲ, ನಾಲ್ಕು ದಿನದಲ್ಲಿ ಬಣ್ಣ ಬಯಲಾಗುತ್ತದೆ.

ಅಪಾಯ ಇರೋದು ಮೂರನೇ ಬಗೆಯಲ್ಲಿ. ಕೇಳಿದರೆ ಭರವಸೆ ಅನ್ನಿಸಬೇಕು, ಆದರೆ ಮುಂದೆ ಯಾರೂ ಅದನ್ನು ಹಿಡಿದು ಕೇಳುವ ಹಾಗಿರಬಾರದು. ಇಂಗ್ಲಿಷ್ ಕಾನೂನಿನ ಭಾಷೆಯಲ್ಲಿ ಇದಕ್ಕೆ ಪಫರಿ ಅಂತಾರೆ. ಪಫ್ ಅಂದರೆ ಊದಿದ ಗಾಳಿ.

ನೂರು ಪೌಂಡಿನ ಪಾಠ

ಪಫರಿ ಎಲ್ಲಿ ಮುಗಿಯುತ್ತದೆ, ಭರವಸೆ ಎಲ್ಲಿ ಶುರುವಾಗುತ್ತದೆ ಅನ್ನೋದಕ್ಕೆ ಲಂಡನ್ನಿನ ಒಂದು ಹಳೆಯ ಮೊಕದ್ದಮೆಯನ್ನು ಇವತ್ತಿಗೂ ಕಾನೂನು ವಿದ್ಯಾರ್ಥಿಗಳು ಓದುತ್ತಾರೆ. ಕಾರ್ಬಾಲಿಕ್ ಸ್ಮೋಕ್ ಬಾಲ್ ಅನ್ನೋ ಕಂಪನಿ ತನ್ನ ಉಪಕರಣವನ್ನು ಹೇಳಿದ ರೀತಿ ಬಳಸಿದ ಮೇಲೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್ ಕೊಡ್ತೀವಿ, ಅದಕ್ಕಾಗಿ ಬ್ಯಾಂಕಿನಲ್ಲಿ 1,000 ಪೌಂಡ್ ಇಟ್ಟಿದ್ದೀವಿ ಅಂತ ಜಾಹೀರಾತು ಕೊಟ್ಟಿತ್ತು. ಲೂಯಿಸಾ ಕಾರ್ಲಿಲ್ ಅನ್ನೋ ಮಹಿಳೆ ಬಳಸಿದರು, ಜ್ವರ ಬಂತು, ಹಣ ಕೇಳಿದರು. ಅದು ಬರೀ ಪಫ್, ಯಾರೂ ಗಂಭೀರವಾಗಿ ತಗೋಬಾರದಿತ್ತು ಅಂತ ಕಂಪನಿ ವಾದಿಸಿತು. 1892ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಬ್ಯಾಂಕಿನಲ್ಲಿ ಹಣ ಇಟ್ಟಿದ್ದೀವಿ ಅಂದಿರೋದೇ ಅವರ ಮಾತು ಗಂಭೀರ ಅನ್ನೋದಕ್ಕೆ ಸಾಕ್ಷಿ ಅಂದಿತು.

ಅತ್ಯುತ್ತಮ ಔಷಧಿ ಅಂದಿದ್ದರೆ ಕಂಪನಿ ಬಚಾವಾಗುತ್ತಿತ್ತು. ಅದು ಸಿಕ್ಕಿಬಿದ್ದದ್ದು ಷರತ್ತು, ಮೊತ್ತ ಮತ್ತು ಬ್ಯಾಂಕಿನ ಹೆಸರು ಹೇಳಿದ್ದಕ್ಕೆ. ನಮ್ಮ ವೇದಿಕೆಗಳ ಮೇಲೆ ವಿಶೇಷಣಗಳು ಜಾಸ್ತಿ, ಅಂಕಿಗಳು ಕಮ್ಮಿ ಯಾಕೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ.

ನಮ್ಮ ಕಾನೂನು ಏನು ಹೇಳುತ್ತದೆ? ಸರಕು ಮತ್ತು ಸೇವೆಗಳ ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ. ಚುನಾವಣಾ ಭರವಸೆಗೆ ಇಂಥ ದಂಡ ಇಲ್ಲ. ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಪ್ರಣಾಳಿಕೆಯ ಭರವಸೆಗಳು ಭ್ರಷ್ಟ ಆಚರಣೆ ಆಗೋದಿಲ್ಲ ಅಂದಿತು. ಜೊತೆಗೆ ಮಾರ್ಗಸೂಚಿ ರೂಪಿಸಿ ಅಂತ ಚುನಾವಣಾ ಆಯೋಗಕ್ಕೆ ಸೂಚಿಸಿತು. ಅದರಂತೆ 2014ರಲ್ಲಿ ಮಾದರಿ ನೀತಿ ಸಂಹಿತೆಗೆ ಹೊಸ ಭಾಗ ಸೇರಿತು: ಭರವಸೆಯ ಹಿಂದಿನ ತರ್ಕ ಏನು, ಹಣ ಎಲ್ಲಿಂದ ಬರುತ್ತದೆ ಅನ್ನೋದನ್ನು ಪಕ್ಷಗಳು ಸ್ಥೂಲವಾಗಿಯಾದರೂ ಹೇಳಬೇಕು. ಆದರೆ ನೀತಿ ಸಂಹಿತೆಗೆ ಕಾಯ್ದೆಯ ಬಲವಿಲ್ಲ. ಅಂದಮೇಲೆ ಅಳತೆ ಕೇಳುವ ಕೆಲಸ ಮತದಾರರ ಮೇಲೇ ಬೀಳುತ್ತದೆ.

ಮೈಲು, ಅಡಿ, ಟಿಎಂಸಿ

ಈ ಕೆಲಸವನ್ನು ಈ ಭಾಗದ ರೈತರು ಮೊದಲಿನಿಂದ ಮಾಡಿಕೊಂಡೇ ಬಂದಿದ್ದಾರೆ. ಸಿಂಧನೂರನ್ನು ಭತ್ತದ ಕಣಜ ಅಂತ ಹೊಗಳದ ಭಾಷಣವಿಲ್ಲ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರು ಪ್ರತಿಭಟನೆಗೆ ಕೂತಾಗ ಕಣಜದ ಮಾತು ಆಡೋದಿಲ್ಲ. 69ನೇ ಮೈಲಿನಲ್ಲಿ ಗೇಜ್ ಎಷ್ಟು ಅಡಿ ಐತಿ, 104ನೇ ಮೈಲಿಗೆ ಎಷ್ಟು ಬರಾಕತ್ತೈತಿ ಅಂತ ಕೇಳ್ತಾರೆ. ಸಮರ್ಪಕ ನೀರು ಅನ್ನುವ ಉತ್ತರ ಅವರಿಗೆ ಸಾಕಾಗೋದಿಲ್ಲ. ಅಣೆಕಟ್ಟೆಯ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ, ಹೂಳು ತುಂಬಿ ಈಗ ಉಳಿದಿರೋದು ಸುಮಾರು 105 ಅನ್ನೋದು ಅವರಿಗೆ ಬಾಯಿಪಾಠ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗಲೂ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಟಿಎಂಸಿ ಹೋಯ್ತು, ಎಷ್ಟು ಉಳೀತು?

ಮಸ್ಕಿಯ 5ಎ ಕಾಲುವೆ ಹೋರಾಟ ನೋಡಿ. ನಾರಾಯಣಪುರ ಬಲದಂಡೆಯ ಈ ಶಾಖಾ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು ದೀರ್ಘಕಾಲ ಧರಣಿ ಕೂತರು. 2021ರ ಏಪ್ರಿಲ್ 17ರ ಉಪಚುನಾವಣೆಯಲ್ಲಿ ಎಲ್ಲ ಪಕ್ಷಗಳೂ ಇದಕ್ಕೆ ಉತ್ತರ ಹೇಳಬೇಕಾಯಿತು. 2018ರಲ್ಲಿ ಬರೀ 213 ಮತಗಳ ಅಂತರದಲ್ಲಿ ತೀರ್ಮಾನವಾಗಿದ್ದ ಕ್ಷೇತ್ರ ಆ ಸಲ 30 ಸಾವಿರಕ್ಕೂ ಹೆಚ್ಚು ಅಂತರದ ಫಲಿತಾಂಶ ಕೊಟ್ಟಿತು. ಗೆಲುವಿಗೆ ಕಾರಣ ಹಲವು ಇರಬಹುದು. ಆದರೆ ಆ ಬೇಡಿಕೆಯ ಹೆಸರನ್ನೇ ನೋಡಿ. 5ಎ. ಒಂದು ಅಂಕಿ, ಒಂದು ಅಕ್ಷರ. ಅದಕ್ಕೆ ಸಮಗ್ರ ನೀರಾವರಿ ಅಂತ ಚಂದದ ಹೆಸರಿಟ್ಟಿದ್ದರೆ ಯಾವ ಯೋಜನೆಯನ್ನಾದರೂ ತೋರಿಸಿ ಕೊಟ್ಟಾಯ್ತಲ್ಲ ಅನ್ನಬಹುದಿತ್ತು. 5ಎ ಅಂದಮೇಲೆ ಹಾಗೆ ಹೇಳಲು ಬರೋದಿಲ್ಲ.

ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ನಡುವೆ ಏಮ್ಸ್ ಮಾದರಿ ಆಸ್ಪತ್ರೆ ಅನ್ನೋ ಮಾತು ತೇಲಿ ಬಂತು. ಆ ಮಾದರಿ ಅನ್ನುವ ಒಂದು ಪದದೊಳಗೆ ಎಷ್ಟು ಅರಳೆ ತುಂಬಬಹುದು ಯೋಚಿಸಿ. ಕೇಂದ್ರದ ಸಂಸ್ಥೆ, ಕೇಂದ್ರದ ಅನುದಾನ, ಕೇಂದ್ರದ ನೇಮಕಾತಿ ಎಲ್ಲ ಆ ಒಂದು ಪದದಲ್ಲಿ ಕರಗಿಹೋಗುತ್ತವೆ.

ಹೆಸರು ಒಂದು, ಅಳತೆ ಇನ್ನೊಂದು

ಹಿಂದುಳಿದಿರುವಿಕೆಗೂ ಈಗ ಚಂದದ ಇಂಗ್ಲಿಷ್ ಹೆಸರಿದೆ. 2002ರ ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ನೇರವಾಗಿ ಅತ್ಯಂತ ಹಿಂದುಳಿದ ತಾಲೂಕುಗಳು ಅಂದಿತ್ತು. ಅಂಥ 39 ತಾಲೂಕುಗಳಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದಲ್ಲೇ ಇದ್ದವು. 2018ರಲ್ಲಿ ಕೇಂದ್ರ ಸರ್ಕಾರ ರಾಯಚೂರು ಮತ್ತು ಯಾದಗಿರಿಯನ್ನು ಆಸ್ಪಿರೇಷನಲ್ ಡಿಸ್ಟ್ರಿಕ್ಟ್ ಅಂತ ಗುರುತಿಸಿತು. ಕನ್ನಡದಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆ. ಕೊರತೆ ಅನ್ನೋ ಜಾಗಕ್ಕೆ ಆಸೆ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು.

ಹೆಸರು ಬದಲಾಗಿದ್ದು ತಪ್ಪು ಅಂತ ಅಲ್ಲ. ಆಸ್ಪಿರೇಷನಲ್ ಅನ್ನೋ ಹೆಸರಿನ ಕೆಳಗೆ ಆರೋಗ್ಯ, ಶಿಕ್ಷಣ, ಕೃಷಿಯಂಥ ವಿಷಯಗಳ 49 ಸೂಚ್ಯಂಕಗಳಿವೆ. ಹೆಸರಿಗೆ ಚಪ್ಪಾಳೆ ತಟ್ಟುವ ಅಥವಾ ನಗುವ ಬದಲು ಆ 49ರಲ್ಲಿ ಯಾವುದು ಏರಿತು, ಯಾವುದು ಇಳಿಯಿತು ಅಂತ ಕೇಳಿದರೆ ಕೆಲಸ ಆಗುತ್ತದೆ. ಹಟ್ಟಿ ಗಣಿ ಇರೋ ಲಿಂಗಸುಗೂರು ಚಿನ್ನದ ನಾಡು ನಿಜ. ಆದರೆ ಗಣಿಗಾರರು ಅದಿರನ್ನು ಅಳೆಯೋದು ಒಂದು ಟನ್ ಕಲ್ಲಿಗೆ ಎಷ್ಟು ಗ್ರಾಂ ಚಿನ್ನ ಅಂತ. ಹೊಗಳಿಕೆಗೂ ಅದೇ ಪರೀಕ್ಷೆ ಹಾಕಬೇಕು.

ಈ ಪರೀಕ್ಷೆ ನಮ್ಮ ಕಡೆಗೂ ತಿರುಗಬೇಕು. ಸಂಘಟನೆಗಳ ಪ್ರತಿ ಮನವಿಪತ್ರದ ಕೊನೆಯಲ್ಲಿ ಉಗ್ರ ಹೋರಾಟದ ಎಚ್ಚರಿಕೆ ಇರುತ್ತದೆ, ಪ್ರತಿ ಸಮಾವೇಶವೂ ಐತಿಹಾಸಿಕ ಆಗಿರುತ್ತದೆ, ಪ್ರತಿ ಸುದ್ದಿಯೂ ಶಾಕಿಂಗ್. ಎಲ್ಲವೂ ಉಗ್ರವಾದರೆ ನಿಜಕ್ಕೂ ಉಗ್ರವಾದ ಅನ್ಯಾಯ ನಡೆದ ದಿನ ಹೇಳಲು ಪದ ಉಳಿಯೋದಿಲ್ಲ.

ಬಂಡೆಯ ಮೇಲಿನ ಹೆಸರು

ಬಿರುದುಗಳ ಹುಚ್ಚು ಫ್ಲೆಕ್ಸ್ ಜೊತೆ ಬಂದದ್ದಲ್ಲ. ಸಮಸ್ತಭುವನಾಶ್ರಯ, ಪೃಥ್ವೀವಲ್ಲಭ, ಪರಮೇಶ್ವರ ಅಂತ ಸಾಲುಸಾಲು ಬಿರುದುಗಳಿಂದ ಶುರುವಾಗುವ ಚಾಲುಕ್ಯರ ಶಾಸನಗಳು ಈ ಸೀಮೆಯ ತುಂಬ ಇವೆ. ಆದರೆ ಅವುಗಳಿಗೂ ಸಾವಿರ ವರ್ಷ ಹಿಂದಿನ ಒಂದು ಶಾಸನ ಮಸ್ಕಿಯಲ್ಲಿದೆ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಬಂಡೆ ಅದು. ಅಲ್ಲಿವರೆಗೆ ಸಿಕ್ಕ ಅಶೋಕನ ಶಾಸನಗಳಲ್ಲಿ ಇದ್ದದ್ದು ದೇವಾನಾಂಪಿಯ, ಪಿಯದಸಿ ಅನ್ನೋ ಬಿರುದುಗಳು. ಅದು ಯಾರು ಅಂತ ವಿದ್ವಾಂಸರು ಸಿಂಹಳದ ಗ್ರಂಥಗಳ ನೆರವಿನಿಂದ ಊಹಿಸಬೇಕಾಗಿತ್ತು. ಮಸ್ಕಿಯ ಬಂಡೆಯ ಮೇಲೆ ಅಶೋಕ ಅನ್ನೋ ಹೆಸರೇ ಇತ್ತು. ಆ ಶಾಸನದ ಸಾರಾಂಶವೂ ಇವತ್ತಿಗೆ ಹೊಂದುವಂಥದ್ದು: ಒಳ್ಳೆಯ ಗುರಿ ತಲುಪೋದು ದೊಡ್ಡವರಿಗೆ ಮಾತ್ರ ಸಾಧ್ಯ ಅಂತ ತಿಳಿಯಬೇಡಿ, ಸಣ್ಣವರಿಗೂ ಸಾಧ್ಯ.

ಮುಂದಿನ ಸಲ ಯಾವುದಾದರೂ ವೇದಿಕೆಯಿಂದ ಮೆಗಾ ಯೋಜನೆ ಘೋಷಣೆ ಆದಾಗ ಮೈಕ್ ಕೊಡಿ ಅಂತ ಜಗಳ ಮಾಡಬೇಕಾಗಿಲ್ಲ. ಕೆಳಗೆ ಇಳಿದು ಬಂದಾಗ ಸಮಾಧಾನವಾಗಿ ಕೇಳಿದರೆ ಸಾಕು: ಸಾಹೇಬ್ರ, ಯಾವ ಊರಿಗೆ, ಎಷ್ಟು ರೊಕ್ಕ, ಯಾವ ತಿಂಗಳು? ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.