ಕಂಠಕ್ಕೊಂದು, ಕಂಸಾಳೆಗೊಂದು

ಚಾಮರಾಜನಗರ, ಗುಂಡ್ಲುಪೇಟೆ ಕಡೆ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು ಮಾದಪ್ಪನ ಪದ, ಸಿದ್ದಪ್ಪಾಜಿ ಪದ ರೆಕಾರ್ಡ್ ಮಾಡಲು ಹೊರಡುವ ಹುಡುಗರು ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ‘ದನಿ ಬೆಚ್ಚಗೆ ಬರಬೇಕು ಸಾ, ಯಾವ ಪ್ರಿಆಂಪ್ ತಗೊಳ್ಳಲಿ?’ ಅಂಗಡಿಯವರು ವಾಲ್ವ್ ಇರುವುದನ್ನು ತೋರಿಸುತ್ತಾರೆ. ದುಡ್ಡಿದ್ದವರು ಲಕ್ಷಗಟ್ಟಲೆ ಬೆಲೆಯ ನೀವ್ ಕಂಪನಿಯ ಮಾಡ್ಯೂಲಿನ ಕನಸು ಕಾಣುತ್ತಾರೆ. ನನ್ನ ಮಟ್ಟಿಗೆ ಇದಕ್ಕೆ ಉತ್ತರ ಅಂಗಡಿಯಲ್ಲಿಲ್ಲ. ಯಾರು ಹಾಡುತ್ತಾರೆ, ಅವರ ಕೈಯಲ್ಲಿ ಯಾವ ವಾದ್ಯವಿದೆ ಎಂಬುದರಲ್ಲಿದೆ.

ಪ್ರಿಆಂಪಿನ ಕೆಲಸವೇನೆಂದು ಮೊದಲು ನೋಡೋಣ. ಮೈಕಿನಿಂದ ಹೊರಡುವ ವಿದ್ಯುತ್ ಬಹಳ ಸಣ್ಣದು. ಜಾತ್ರೆ, ಸಭೆಗಳಲ್ಲಿ ಕಾಣುವ ಸಾಮಾನ್ಯ ಡೈನಮಿಕ್ ಮೈಕಿನ ಎದುರು ಒಬ್ಬರು ಗಟ್ಟಿಯಾಗಿ ಹಾಡಿದರೆ, ಅಂದರೆ ಶಬ್ದ 94 ಡೆಸಿಬಲ್ ಮುಟ್ಟಿದರೆ, ಮೈಕು ಕೊಡುವುದು ಸುಮಾರು 1.8 ಮಿಲಿವೋಲ್ಟ್. ಸ್ಟುಡಿಯೋದ ಮುಂದಿನ ಯಂತ್ರಗಳಿಗೆ ಬೇಕಾದದ್ದು 1.23 ವೋಲ್ಟ್. ಅಂದರೆ ಹೆಚ್ಚುಕಡಿಮೆ 680 ಪಟ್ಟು ಹಿಗ್ಗಿಸಬೇಕು. ಡೆಸಿಬಲ್ ಲೆಕ್ಕದಲ್ಲಿ ಇದು 57. ಕಂಡೆನ್ಸರ್ ಮೈಕು ತಾನೇ 15 ಮಿಲಿವೋಲ್ಟಿನಷ್ಟು ಕೊಡುವುದರಿಂದ ಅಲ್ಲಿ 38 ಡೆಸಿಬಲ್ ಸಾಕು.

ಇಷ್ಟು ಹಿಗ್ಗಿಸುವಾಗ ಹಾಡಿನ ಜೊತೆ ‘ಸ್’ ಎಂಬ ಸದ್ದೂ ಹಿಗ್ಗುತ್ತದೆ. ಅದರಲ್ಲಿ ಒಂದು ಪಾಲು ಯಂತ್ರದ ದೋಷವಲ್ಲ. 150 ಓಮ್ ರೋಧವಿರುವ ಯಾವುದೇ ತಂತಿಯಲ್ಲಿ ಎಲೆಕ್ಟ್ರಾನುಗಳು ಬಿಸಿಗೆ ಅಲುಗಾಡಿಯೇ ನಾವು ಕೇಳಬಲ್ಲ ಕಂಪನಗಳ ವ್ಯಾಪ್ತಿಯಲ್ಲಿ ಸುಮಾರು 0.22 ಮೈಕ್ರೋವೋಲ್ಟ್ ಸದ್ದು ಹುಟ್ಟಿಸುತ್ತವೆ. ಎಷ್ಟೇ ಬೆಲೆ ಕೊಟ್ಟರೂ ಇದಕ್ಕಿಂತ ಕೆಳಗೆ ಇಳಿಯಲಾಗದು. ಒಳ್ಳೆಯ ಪ್ರಿಆಂಪ್ ಈ ಮಿತಿಯಿಂದ ಎರಡು ಮೂರು ಡೆಸಿಬಲ್ ಮೇಲಿರುತ್ತದೆ, ಕಳಪೆಯದ್ದು ಹತ್ತಕ್ಕೂ ಮಿಕ್ಕಿ. ಸಿದ್ದಪ್ಪಾಜಿ ಪದ ಹಾಡುವ ನೀಲಗಾರರು ಪದ ನಿಲ್ಲಿಸಿ ಕಥೆಯನ್ನು ಮಾತಿನಲ್ಲಿ ಮುಂದುವರಿಸುವಾಗ ದನಿ ಒಮ್ಮೆಲೇ ಕೆಳಗಿಳಿಯುತ್ತದಲ್ಲ, ಈ ವ್ಯತ್ಯಾಸ ಕಿವಿಗೆ ಬೀಳುವುದು ಆಗ.

ಇನ್ನು ಬೆಚ್ಚಗಿನ ದನಿಯ ವಿಷಯ. ಯಂತ್ರ ತನಗೆ ಬಂದದ್ದನ್ನು ಇದ್ದಂತೆಯೇ ಹಿಗ್ಗಿಸದೆ, ಅದರ ಅಲೆಯ ಆಕಾರವನ್ನು ಕೊಂಚ ಬಗ್ಗಿಸಿದಾಗ ಮೂಲದಲ್ಲಿ ಇಲ್ಲದ ಹೊಸ ಕಂಪನಗಳು ಹುಟ್ಟುತ್ತವೆ. ಹಾಡುಗಾರನ ಷಡ್ಜ 200 ಹರ್ಟ್ಸ್ ಎಂದಿಟ್ಟುಕೊಳ್ಳಿ. ಅಲೆಯ ಮೇಲಿನ ಅರ್ಧ ಒಂದು ರೀತಿ, ಕೆಳಗಿನ ಅರ್ಧ ಇನ್ನೊಂದು ರೀತಿ ಬಗ್ಗಿದರೆ 400 ಹರ್ಟ್ಸ್ ಸೇರಿಕೊಳ್ಳುತ್ತದೆ. ಅದು ಮೇಲಿನ ಸ್ಥಾಯಿಯ ಷಡ್ಜ. ಎರಡೂ ಅರ್ಧಗಳು ಒಂದೇ ರೀತಿ ಬಗ್ಗಿದರೆ ಸೇರುವುದು 600 ಹರ್ಟ್ಸ್, ಆ ಸ್ಥಾಯಿಯ ಪಂಚಮ. ವಾಲ್ವಿನ ಟ್ರಯೋಡ್ ಹೆಚ್ಚಾಗಿ ಮೊದಲನೆಯದನ್ನು ಕೊಡುತ್ತದೆ. ಕಬ್ಬಿಣದ ತಿರುಳಿಗೆ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರ್ ಹೆಚ್ಚಾಗಿ ಎರಡನೆಯದನ್ನು ಕೊಡುತ್ತದೆ. ಷಡ್ಜದ ಮೇಲೆ ಷಡ್ಜ, ಅದರ ಮೇಲೆ ಪಂಚಮ. ತಂಬೂರಿಯ ತಂತಿ ತಾನಾಗಿಯೇ ಹುಟ್ಟಿಸುವ ಸ್ವರಗಳೇ ಇವು. ಆದ್ದರಿಂದ ನೂರಕ್ಕೆ ಒಂದು ಪಾಲಿನಷ್ಟು ಬೆರೆತರೂ ನಮ್ಮ ಕಿವಿ ಅದನ್ನು ಕೊಳೆ ಎಂದು ಎಣಿಸುವುದಿಲ್ಲ. ದನಿಗೆ ಮೈ ತುಂಬಿತು ಎನ್ನುತ್ತದೆ.

ಟ್ರಾನ್ಸ್‌ಫಾರ್ಮರಿನದು ಇನ್ನೊಂದು ಗುಣ. ತಿರುಳಿನಲ್ಲಿ ಹರಿಯುವ ಕಾಂತಪ್ರವಾಹ ಕಂಪನ ಇಳಿದಂತೆ ಏರುತ್ತದೆ. ಅಷ್ಟೇ ವೋಲ್ಟಿಗೆ 200 ಹರ್ಟ್ಸಿನಲ್ಲಿ ಇರುವುದರ ನಾಲ್ಕರಷ್ಟು 50 ಹರ್ಟ್ಸಿನಲ್ಲಿ. ಹಾಗಾಗಿ ಕಬ್ಬಿಣ ಮೊದಲು ದಣಿಯುವುದು ಮಂದ್ರದಲ್ಲಿ. ಗಂಡು ಕಂಠದ ತಳ, ಡಕ್ಕೆಯ ಗುಮುಕು ಇವುಗಳಿಗೆ ಬಣ್ಣ ಬಂದು ಮೇಲಿನ ಸ್ವರಗಳು ಸ್ವಚ್ಛವಾಗಿಯೇ ಉಳಿಯುತ್ತವೆ. ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋದ ಕಥೆಯನ್ನು ಚಿಕ್ಕಲ್ಲೂರಿನ ನೀಲಗಾರರು ರಾತ್ರಿಯಿಡೀ ಹಾಡುತ್ತಾರೆ. ಅದೇ ಕಂಠ ಚೂರು ಕಬ್ಬಿಣದ ಮೂಲಕ ಹಾದು ಬಂದಾಗ ಕೇಳಲು ಹಿತವಾಗಿರುತ್ತದೆ ಎಂಬುದು ನನಗೆ ಪ್ರತಿಸಲವೂ ಖುಷಿ ಕೊಡುವ ವಿಷಯ.

ವಾಲ್ವ್ ಇದ್ದರೆ ಮಾತ್ರ ದನಿ ಬೆಚ್ಚಗೆ ಎಂಬುದು ತಪ್ಪು ತಿಳಿವಳಿಕೆ. ಬೆಚ್ಚಗಿನ ದನಿಗೆ ಜಗತ್ತೇ ಉದಾಹರಿಸುವ ನೀವ್ 1073ರಲ್ಲಿ ಒಂದೂ ವಾಲ್ವ್ ಇಲ್ಲ. ರೂಪರ್ಟ್ ನೀವ್ ಅವರ ಇಂಗ್ಲೆಂಡಿನ ಕಂಪನಿ 1970ರಲ್ಲಿ ತಯಾರಿಸಿದ್ದು ಅದು. ಒಳಗಿರುವುದು ಟ್ರಾನ್ಸಿಸ್ಟರುಗಳು, ಹೋಗುವ ಬಾಗಿಲಲ್ಲೂ ಬರುವ ಬಾಗಿಲಲ್ಲೂ ಟ್ರಾನ್ಸ್‌ಫಾರ್ಮರ್. ಅದಕ್ಕೂ ಹಿಂದೆ ಜರ್ಮನಿಯ ರೇಡಿಯೋದವರಿಗಾಗಿ ಬಂದ ವಿ-72 ವಾಲ್ವಿನದೇ ಹೌದು. ಅದರ ಗೇನ್, ಅಂದರೆ ಹಿಗ್ಗಿಸುವ ಪ್ರಮಾಣ, 34 ಡೆಸಿಬಲ್, ತಿರುಗಿಸಲು ಗುಂಡಿಯೂ ಇರಲಿಲ್ಲ. ಅದರದೇ ಬಳಗದ ವಿ-72ಎಸ್ ಲಂಡನ್ನಿನ ಇಎಂಐ ಸ್ಟುಡಿಯೋದ ಮಿಕ್ಸಿಂಗ್ ಮೇಜುಗಳನ್ನು ಸೇರಿ ಬೀಟಲ್ಸ್ ಹಾಡುಗಳಿಗೆ ಒದಗಿತು. ಒಂದನ್ನು ಗಮನಿಸಬೇಕು. ಇವನ್ನು ಮಾಡಿದ ಎಂಜಿನಿಯರುಗಳು ಬಣ್ಣ ಬೇಕೆಂದು ಮಾಡಲಿಲ್ಲ. ತಮ್ಮ ಕಾಲದಲ್ಲಿ ಸಾಧ್ಯವಿದ್ದಷ್ಟು ಸ್ವಚ್ಛವಾಗಿ ಮಾಡಿದರು. ಎಷ್ಟು ಒರೆಸಿದರೂ ಉಳಿದ ಅಲ್ಪಸ್ವಲ್ಪವನ್ನೇ ನಾವು ಇಂದು ಹುಡುಕಿಕೊಂಡು ಹೋಗುತ್ತಿದ್ದೇವೆ. ಅಗ್ಗದ ಕೆಲವು ಪೆಟ್ಟಿಗೆಗಳಲ್ಲಿ ವಾಲ್ವಿನ ಹಿಂದೆ ಎಲ್‌ಇಡಿ ದೀಪ ಹೊತ್ತಿಸಿ, 200 ವೋಲ್ಟಿಗೂ ಮಿಕ್ಕಿ ಬೇಡುವ ಅದಕ್ಕೆ ನಾಲ್ಕಾರು ಹತ್ತು ವೋಲ್ಟ್ ಕೊಟ್ಟು ಕೂರಿಸಿರುತ್ತಾರೆ. ಅದರ ಸದ್ದು ಮಬ್ಬಾಗಿರುತ್ತದೆ ಅಷ್ಟೇ.

ನಮ್ಮ ಕಡೆಯವರು ಬೆಚ್ಚಗೆ ಎನ್ನುವಾಗ ಮನಸ್ಸಿನಲ್ಲಿರುವುದು ಬಹುಪಾಲು ಕ್ಯಾಸೆಟ್ಟಿನ ದನಿ. ಬಸ್ಸಿನಲ್ಲಿ, ಹೋಟೆಲಿನಲ್ಲಿ ಮಾದಪ್ಪನ ಪದ ಕೇಳಿ ಬೆಳೆದ ಕಿವಿಗಳವು. ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುವ ಆ ಕಿರಿದಾದ ಟೇಪಿನಲ್ಲಿ ತಾರಸ್ವರಗಳು ಸವೆದು, ಜೋರಾದ ಕಡೆಯಲ್ಲೆಲ್ಲ ಅಲೆಯ ನೆತ್ತಿ ಮೊಂಡಾಗುತ್ತಿತ್ತು. ಆ ನೆನಪನ್ನು ನಾನು ಗೌರವಿಸುತ್ತೇನೆ. ಆದರೆ ಕ್ಯಾಸೆಟ್ ಕಳೆದುಕೊಂಡದ್ದರಲ್ಲಿ ಕಂಸಾಳೆಯ ಅರ್ಧ ಜೀವವಿತ್ತು ಎಂಬುದನ್ನೂ ಹೇಳಬೇಕು.

ಕಂಸಾಳೆಯನ್ನು ಹತ್ತಿರದಿಂದ ನೋಡಿ. ಎಡ ಅಂಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ. ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ಬಿಲ್ಲೆ. ಬಿಲ್ಲೆ ಬಟ್ಟಲಿನ ಅಂಚಿಗೆ ತಾಗಿದ ಕ್ಷಣ ಹೊರಡುವ ಶಬ್ದ ಸೆಕೆಂಡಿನ ಸಾವಿರದ ಒಂದೆರಡು ಭಾಗದೊಳಗೆ ನೆತ್ತಿ ಮುಟ್ಟಿ, ಆಮೇಲೆ ನಿಧಾನವಾಗಿ ಕರಗುತ್ತದೆ. ತಂತಿಯ ಉಪಸ್ವರಗಳು ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಲೆಕ್ಕದಲ್ಲಿರುತ್ತವೆ. ಕಂಚಿನ ಬಿಲ್ಲೆಯದು ಆ ಲೆಕ್ಕಕ್ಕೆ ಬಗ್ಗುವುದಿಲ್ಲ. ಅದರ ಕಂಪನಗಳು ಒಂದಕ್ಕೊಂದು ಪೂರ್ಣಸಂಖ್ಯೆಯ ನಂಟಿಲ್ಲದೆ ಚದುರಿರುತ್ತವೆ. ಆ ಚದುರುವಿಕೆಯಿಂದಲೇ ಕಂಸಾಳೆಗೆ ಅದರ ಹೊಳಪು.

ಬಣ್ಣ ಕೊಡುವ ಪ್ರಿಆಂಪ್ ಇಲ್ಲಿ ಕೈ ಕೊಡುತ್ತದೆ. ಅಲೆಯನ್ನು ಬಗ್ಗಿಸುವ ಯಂತ್ರಕ್ಕೆ ಎರಡು ಕಂಪನ ಒಟ್ಟಿಗೆ ಕೊಟ್ಟರೆ ಅದು ಅವುಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಹುಟ್ಟಿಸುತ್ತದೆ. ಷಡ್ಜ 200, ಪಂಚಮ 300 ಕೊಟ್ಟರೆ ವ್ಯತ್ಯಾಸ 100, ಅದು ಕೆಳಗಿನ ಷಡ್ಜ. ಮೊತ್ತ 500, ಅದು ಮೇಲಿನ ಸ್ಥಾಯಿಯ ಅಂತರ ಗಾಂಧಾರ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ತಾನೇ ಕೇಳಿಸುವ ಗಾಂಧಾರವದು. ಎಲ್ಲವೂ ಶ್ರುತಿಗೆ ಕೂತವು. ಈಗ ಕಂಚಿನ ಎರಡು ಕಂಪನ 3170 ಮತ್ತು 4630 ಎಂದುಕೊಳ್ಳಿ. ವ್ಯತ್ಯಾಸ 1460. ಹಾಡಿನ ಷಡ್ಜ 200 ಇದ್ದಾಗ ಈ 1460 ಯಾವ ಸ್ವರದ ಮನೆಯಲ್ಲೂ ನಿಲ್ಲದು. ಹೀಗೆ ಜೋಡಿ ಜೋಡಿಯಾಗಿ ಹತ್ತಾರು ಸೇರಿದರೆ ಕಂಸಾಳೆ ತಗಡಿನಂತೆ ಬಡಿದುಕೊಳ್ಳುತ್ತದೆ. ನೀಲಗಾರರು ಬೆರಳಿಗೆ ತೊಡುವ ಗಗ್ಗರಕ್ಕೂ ಇದೇ ಪಾಡು. ಕಂಠಕ್ಕೆ ಮೈ ತುಂಬಿದ ಪೆಟ್ಟಿಗೆಯೇ ಕಂಚಿಗೆ ಕೊಳೆ ಹಚ್ಚುತ್ತದೆ. ತಪ್ಪು ಪೆಟ್ಟಿಗೆಯದಲ್ಲ.

ಎರಡನೆಯ ತೊಂದರೆ ಎತ್ತರದ್ದು. ಹಾಡಿಗೆ ಸರಿಹೊಂದಿಸಿದ ಕಂಡೆನ್ಸರ್ ಮೈಕು 15 ಮಿಲಿವೋಲ್ಟ್ ಕೊಡುತ್ತಿದೆ, ಪ್ರಿಆಂಪ್ ಅದನ್ನು 82 ಪಟ್ಟು ಹಿಗ್ಗಿಸುತ್ತಿದೆ. ಕಂಸಾಳೆಯ ಪೆಟ್ಟಿನ ಒತ್ತಡ ಆ ಕ್ಷಣ ಹಾಡಿನ 20 ಪಟ್ಟಾದರೆ ಹೊರಬಾಗಿಲಲ್ಲಿ 24 ವೋಲ್ಟಿಗೂ ಮಿಕ್ಕಿ ಬರಬೇಕು. ಬಹಳಷ್ಟು ಪೆಟ್ಟಿಗೆಗಳ ಒಳಗಿರುವ ವಿದ್ಯುತ್ ಪೂರೈಕೆಯೇ 15 ವೋಲ್ಟಿನದು. ಹುಲ್ಲಿನ ಹೊರೆ ಹೊತ್ತವನು ತಗ್ಗು ಬಾಗಿಲಲ್ಲಿ ನುಗ್ಗಿದಂತೆ ಅಲೆಯ ನೆತ್ತಿ ಅಲ್ಲೇ ಕತ್ತರಿಸಿ ಬೀಳುತ್ತದೆ. ಆದ್ದರಿಂದ ಕಂಚಿನ ಮೈಕಿಗೆ ಬೇಕಾದದ್ದು ಬಣ್ಣವಿಲ್ಲದ, ಟ್ರಾನ್ಸ್‌ಫಾರ್ಮರ್ ಇಲ್ಲದ, ಗರಿಷ್ಠ ಮಟ್ಟ ಎತ್ತರವಿರುವ ಪ್ರಿಆಂಪ್. ಜೊತೆಗೆ ಬಂದದ್ದನ್ನು 20 ಡೆಸಿಬಲ್ ತಗ್ಗಿಸುವ ಪ್ಯಾಡ್ ಇರಲೇಬೇಕು.

ಹಾಗಾದರೆ ಕಂಠಕ್ಕೆ? ಇಲ್ಲಿ ನಾನು ಟ್ರಾನ್ಸ್‌ಫಾರ್ಮರ್ ಇರುವುದನ್ನೇ ಹೇಳುತ್ತೇನೆ, ಮತ್ತು ಅದಕ್ಕೆ ಕಾರಣ ಬಣ್ಣವೊಂದೇ ಅಲ್ಲ. ಗುಂಡ್ಲುಪೇಟೆಯ ಸುತ್ತ ಅರಿಸಿನದ ಹೊಲಗಳಿಗೆ ನೀರೆತ್ತುವ ಪಂಪ್‌ಸೆಟ್ಟುಗಳು, ಏರಿಳಿಯುವ ಕರೆಂಟು, ಒಣಗಿದ ನೆಲದಲ್ಲಿ ಸರಿಯಾಗಿ ಕೂರದ ಅರ್ತಿಂಗ್. ಇವೆಲ್ಲ ಸೇರಿ ಮೈಕಿನ ಕೇಬಲ್ಲಿಗೆ 50 ಹರ್ಟ್ಸಿನ ಗುಂಯ್ ತುಂಬುತ್ತವೆ. ಮೈಕಿನ ಎರಡು ತಂತಿಗಳಲ್ಲಿ ಹಾಡು ಒಂದಕ್ಕೊಂದು ವಿರುದ್ಧವಾಗಿ ಹರಿದರೆ ಹೊರಗಿನ ಗುಂಯ್ ಎರಡರಲ್ಲೂ ಸಮನಾಗಿ ಬರುತ್ತದೆ. ಟ್ರಾನ್ಸ್‌ಫಾರ್ಮರ್ ವ್ಯತ್ಯಾಸವನ್ನಷ್ಟೇ ದಾಟಿಸಿ ಸಮನಾದದ್ದನ್ನು ಬಿಟ್ಟುಬಿಡುತ್ತದೆ. ಎರಡು ಬದಿಗೂ ತಂತಿಯ ಸಂಪರ್ಕವೇ ಇಲ್ಲದ್ದರಿಂದ ಅರ್ತಿನ ಜಗಳವೂ ಕಡಿಮೆ. ಒಂದು ಎಚ್ಚರಿಕೆ ಮಾತ್ರ: ಯುಪಿಎಸ್ಸಿನ ಪಕ್ಕದಲ್ಲಿ ಇಟ್ಟರೆ ಅದರ ಕಾಂತಕ್ಷೇತ್ರವನ್ನು ಇದೇ ಟ್ರಾನ್ಸ್‌ಫಾರ್ಮರ್ ಹೀರಿಕೊಂಡು ಗುಂಯ್‌ಗುಡುತ್ತದೆ. ಕಾಂತಕ್ಷೇತ್ರವನ್ನು ತಡೆಯುವ ಮ್ಯೂಮೆಟಲ್ ಡಬ್ಬಿಯೊಳಗೆ ಕೂರಿಸಿದ್ದಾದರೆ ಒಳ್ಳೆಯದು, ಆದರೂ ಒಂದೆರಡು ಮಾರು ದೂರವಿಡಿ.

ಊಟಿ, ವಯನಾಡಿನ ಕಡೆ ಓಡುವ ಲಾರಿಗಳ ಗುಡುಗು ಇನ್ನೊಂದು ಶತ್ರು. ಕಿವಿಗೆ ಅಷ್ಟು ತಿಳಿಯದ ಆ ಮಂದ್ರ ಕಂಪನ ಟ್ರಾನ್ಸ್‌ಫಾರ್ಮರಿನ ತಿರುಳನ್ನು ಮೊದಲೇ ತುಂಬಿಬಿಟ್ಟರೆ ಹಾಡಿಗೆ ಜಾಗ ಉಳಿಯದು. ಮಂದ್ರವನ್ನು ಕತ್ತರಿಸುವ ಪ್ರಿಆಂಪಿನ ಲೋ-ಕಟ್ ಸ್ವಿಚ್ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ದಾಟಿದ ಮೇಲೆ ಇರುವುದರಿಂದ ಅದು ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಮೈಕಿನ ಮೈಮೇಲಿರುವ ಸ್ವಿಚ್ಚನ್ನೇ ಒತ್ತಬೇಕು. 2009ರಿಂದ ಆ ದಾರಿಗಳು ಹಾದುಹೋಗುವ ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕಾಡಂಚಿನ ಊರುಗಳಲ್ಲಿ ರೆಕಾರ್ಡಿಂಗಿಗೆ ಅದೇ ಒಳ್ಳೆಯ ಹೊತ್ತು. ರಾತ್ರಿ ಕೂತು ಹಾಡಿಯೇ ರೂಢಿಯಿರುವ ಮೇಳಗಳಿಗೂ ಅದು ಸಲೀಸು.

ಬಣ್ಣ ಎಷ್ಟು ಬೇಕೆಂದು ತೀರ್ಮಾನಿಸಲು ಎರಡು ಗುಂಡಿಗಳಿರುವ ಪ್ರಿಆಂಪ್ ಹುಡುಕಿ, ಒಳಗಿನ ಗೇನ್ ಒಂದು, ಹೊರಗಿನ ಮಟ್ಟ ಇನ್ನೊಂದು. ಗೇನ್ ಏರಿಸಿ ಹೊರಮಟ್ಟ ತಗ್ಗಿಸಿದರೆ ಶಬ್ದ ಹೆಚ್ಚದೆ ಬಣ್ಣ ಹೆಚ್ಚುತ್ತದೆ. ಆದರೆ ಅದಕ್ಕೂ ಮೊದಲು ಮೈಕು ಸರಿಸಿ ನೋಡಿ. ಒಂದೇ ದಿಕ್ಕಿನಿಂದ ಕೇಳುವ ಮೈಕನ್ನು ಬಾಯಿಗೆ ಹತ್ತು ಸೆಂಟಿಮೀಟರಿಗೆ ತಂದರೆ ಮಂದ್ರ ತಾನಾಗಿ ಉಬ್ಬುತ್ತದೆ. ಯಾವ ಪ್ರಿಆಂಪ್ ಮಾಡುವ ಬದಲಾವಣೆಗಿಂತಲೂ ಇದು ದೊಡ್ಡದು. ನೀಲಗಾರ ತಂಬೂರಿಯನ್ನು ಹೆಗಲಿಗೆ ಒರಗಿಸಿ, ಬೆರಳಿಗೆ ಗಗ್ಗರ ತೊಟ್ಟು ಹಾಡುವವನು. ಮೈಕು ಎದೆಯ ಮಟ್ಟಕ್ಕೆ ಇಳಿದರೆ ಗಗ್ಗರವೇ ಮುಂದೆ ಬರುತ್ತದೆ, ಹುಬ್ಬಿನ ಮಟ್ಟಕ್ಕೆ ಏರಿಸಿದರೆ ಕಂಠ ಮುಂದೆ ಬಂದು ಗಗ್ಗರ ಹಿಂದೆ ಸರಿಯುತ್ತದೆ. ಅರ್ಧ ಗಂಟೆ ಹೀಗೆ ಸರಿಸಾಡುವುದು ಹೊಸ ಪೆಟ್ಟಿಗೆ ಕೊಳ್ಳುವುದಕ್ಕಿಂತ ಲಾಭ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪಿ.ಕೆ. ರಾಜಶೇಖರ ಅವರು ‘ಮಲೆಯ ಮಾದೇಶ್ವರ’ವನ್ನು 1973ರಲ್ಲಿ ಪುಸ್ತಕವಾಗಿ ತಂದಾಗ ಮಾದಪ್ಪನ ಈ ಕಾವ್ಯ ಅಕ್ಷರದಲ್ಲಿ ಉಳಿಯಿತು. ಆದರೆ ಕಂಠದ ಬನಿ, ಉಸಿರು ಎಳೆದುಕೊಳ್ಳುವ ಜಾಗ, ಕಂಸಾಳೆ ಹಿಡಿದು ಹಾಡುವ ಗುಡ್ಡರ ಮೇಳ ಸೊಲ್ಲು ಎತ್ತಿಕೊಳ್ಳುವ ರೀತಿ ಅಕ್ಷರಕ್ಕೆ ಸಿಗುವುದಿಲ್ಲ. ಮಾದಪ್ಪನ ಪದವಾದ ‘ಸೋಜುಗಾದ ಸೂಜುಮಲ್ಲಿಗೆ’ 2021ರ ‘ಗರುಡ ಗಮನ ವೃಷಭ ವಾಹನ’ ಸಿನಿಮಾದಲ್ಲೂ ಬಂತು. ಅದೇ ಬಗೆಯ ಪದಗಳನ್ನು ಊರಿನಲ್ಲೇ ಕಲಿತು ಹಾಡುವ ಹಿರಿಯರು ಇನ್ನೂ ನಮ್ಮೊಡನಿದ್ದಾರೆ. ರೆಕಾರ್ಡಿಂಗಿನ ಹೊತ್ತಿನಲ್ಲಿ ಪ್ರಿಆಂಪ್ ಬೆರೆಸಿದ ಬಣ್ಣವನ್ನು ಆಮೇಲೆ ತೆಗೆಯಲು ಯಾವ ಸಾಫ್ಟ್‌ವೇರಿಗೂ ಪೂರ್ತಿ ಆಗದು. ಬೇಕೆನಿಸಿದಾಗ ಸೇರಿಸುವುದು ಮಾತ್ರ ಸುಲಭ. ಅನುಮಾನವಿದ್ದ ಕಡೆ ಸ್ವಚ್ಛವಾಗಿಯೇ ಹಿಡಿದಿಡಿ.

ಕೊಳ್ಳುವ ಮುಂಚೆ ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ಮೀಟರ್ ನೋಡಿ ಎರಡರ ಮಟ್ಟವನ್ನೂ ಸಮ ಮಾಡಿಕೊಳ್ಳಿ. ಒಂದು ಡೆಸಿಬಲ್ ಜೋರಿದ್ದರೂ ಕಿವಿ ಅದನ್ನೇ ಚೆಂದ ಎನ್ನುತ್ತದೆ. ಯಾವುದು ಯಾವ ಪೆಟ್ಟಿಗೆಯದೆಂದು ಹೇಳದೆ ಹಾಡಿದವರಿಗೇ ಕೇಳಿಸಿ. ಒಮ್ಮೆ ಕಂಠವೊಂದನ್ನೇ, ಆಮೇಲೆ ಮೇಳವೆಲ್ಲ ಸೇರಿ ಸೊಲ್ಲು ಹೇಳುವ ಜಾಗವನ್ನು, ಕೊನೆಗೆ ಕಂಸಾಳೆಯ ಒಂದೇ ಪೆಟ್ಟನ್ನು ಅದು ಕರಗುವವರೆಗೂ.